ಅಲ್ಲಾಡುವ ಮೇಜು, ‘ಶೇಕಿ’ ಟೇಬಲ್: ಇಂಗ್ಲಿಷ್ ವಿಶೇಷಣಗಳ ಕಲಿಕೆಗೆ ಕನ್ನಡದ ಚಾರಿತ್ರಿಕ ಹಿನ್ನೆಲೆ

ಬೆಂಗಳೂರಿನ ಯಲಹಂಕ, ಆರ್.ಟಿ. ನಗರದ ಕಡೆ ಕನ್ನಡ ಮನೆಮಾತಿನ ಮಗುವೊಂದು ಕಾಲು ಗಿಡ್ಡವಾದ ಮೇಜನ್ನು ತೋರಿಸಿ ‘ದಿ ಟೇಬಲ್ ಈಸ್ ಶೇಕಿಂಗ್’ ಎಂದರೆ ಅಚ್ಚರಿಯೇನಿಲ್ಲ. ಹೇಳಬೇಕಾದದ್ದು ‘ಶೇಕಿ’ ಅಥವಾ ‘ವಾಬ್ಲಿ’. ‘ಶೇಕಿಂಗ್’ ಆ ಗಳಿಗೆಯ ಅಲುಗಾಟವನ್ನು ಹೇಳಿದರೆ, ‘ಶೇಕಿ’ ಮೇಜಿನ ಗುಣವನ್ನು ಹೇಳುತ್ತದೆ. ಇದನ್ನು ಮಗುವಿನ ಅಜಾಗರೂಕತೆ ಎಂದು ತಳ್ಳಿಹಾಕುವಂತಿಲ್ಲ. ಗುಣವನ್ನು ಹೇಳುವುದಕ್ಕೆ ಕನ್ನಡಕ್ಕೆ ತನ್ನದೇ ದಾರಿಯಿದೆ. ಆ ದಾರಿಯನ್ನು ವ್ಯಾಕರಣಕಾರರೂ ನಿಘಂಟುಕಾರರೂ ಹೇಗೆ ಕಂಡರು, ಅದರಿಂದ ಇಂದಿನ ಕಲಿಕೆಗೆ ಏನು ತಿಳಿಯುತ್ತದೆ ಎಂಬುದು ಈ ಲೇಖನದ ವಿಷಯ.

ಹೆಬ್ಬಾಳದ ಹೆಸರಿನೊಳಗಿನ ವ್ಯಾಕರಣ

2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅಲ್ಲಿ ಈ ಸೀಮೆಯ ಹೆಸರು ಪೆರ್ಬೊೞಲ್ ನಾಡು. ‘ಪೆರ್’ ಎಂದರೆ ಹಿರಿದಾದ, ‘ಪೊೞಲ್’ ಎಂದರೆ ಪಟ್ಟಣ. ಇಂದಿನ ‘ಹೆಬ್ಬಾಳ’ದಲ್ಲಿ ‘ಹೆ’ ಆಗಿ ಉಳಿದಿರುವ ಈ ‘ಪೆರ್’ ಒಂಟಿಯಾಗಿ ನಿಲ್ಲುವ ಪದವಲ್ಲ. ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರಗಳಲ್ಲಿ ಇರುವಂತೆ ಅದು ನಾಮಪದಕ್ಕೆ ಅಂಟಿಕೊಂಡೇ ಇರಬೇಕು. ವಾಕ್ಯದ ಕೊನೆಗೆ ಬರಬೇಕಾದರೆ ‘ಊರು ಹಿರಿದು’ ಎಂದು ನಾಮರೂಪ ತಾಳಬೇಕು. ಇಂದಿನ ‘ದೊಡ್ಡ’ ಕೂಡ ಹಾಗೆಯೇ ‘ದೊಡ್ಡದು’ ಆಗುತ್ತದೆ. ಇಂಗ್ಲಿಷಿನ ವಿಶೇಷಣವಾದರೋ ನಾಮಪದದ ಮುಂದೆಯೂ ‘ಈಸ್’ ಆದಮೇಲೆಯೂ ರೂಪ ಬದಲಿಸದೆ ನಿಲ್ಲುತ್ತದೆ.

13ನೇ ಶತಮಾನದ ವ್ಯಾಕರಣಗ್ರಂಥ ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜ ಗುಣವಚನಗಳನ್ನು ನಾಮಪದಗಳ ಬಳಗದಲ್ಲಿಯೇ ಇಟ್ಟ, ಅನುಕರಣ ಶಬ್ದಗಳನ್ನು ಅವ್ಯಯಗಳ ಜೊತೆ ಸೇರಿಸಿದ. ಅಸ್ಥಿರತೆಯನ್ನು ಹೇಳುವ ನಮ್ಮ ಬಹುಪಾಲು ಸಂಪತ್ತು ಇರುವುದು ಕ್ರಿಯಾಪದಗಳಲ್ಲಿ ಮತ್ತು ಈ ಅನುಕರಣಗಳಲ್ಲಿ. ಹಲ್ಲು ಅಲ್ಲಾಡುತ್ತದೆ, ಕೈ ನಡುಗುತ್ತದೆ, ಕುಡಿದವನು ತೂರಾಡುತ್ತಾನೆ, ದೋಣಿ ಓಲಾಡುತ್ತದೆ, ಮಾತು ತಡವರಿಸುತ್ತದೆ, ಚಳಿಗೆ ಮೈ ಗಡಗಡ ನಡುಗುತ್ತದೆ. ವಿಶೇಷಣ ಬೇಕಾದಾಗ ಕ್ರಿಯಾಪದದಿಂದಲೇ ಕೃದಂತ ಹುಟ್ಟುತ್ತದೆ: ಅಲ್ಲಾಡುವ ಹಲ್ಲು, ನಡುಗುವ ಕೈ. ‘ಅಲ್ಲಾಡುವ’ ಎಂಬುದು ಈಗಿನ ಚಲನೆಯನ್ನೂ ಹೇಳಬಹುದು, ನಿತ್ಯದ ಗುಣವನ್ನೂ ಹೇಳಬಹುದು. ‘ಶೇಕಿಂಗ್’, ‘ಶೇಕಿ’ಗಳ ನಡುವಿನ ಗೆರೆ ಕನ್ನಡದ ಕಿವಿಗೆ ಮಸುಕಾಗುವುದು ಇಲ್ಲಿಯೇ.

ಮಿಷನರಿಗಳ ಕೋಶಗಳು

19ನೇ ಶತಮಾನದಲ್ಲಿ ಯುರೋಪಿಯನ್ನರು ಕನ್ನಡಕ್ಕೆ ವ್ಯಾಕರಣ, ನಿಘಂಟುಗಳನ್ನು ಬರೆಯತೊಡಗಿದರು. ವಿಲಿಯಂ ಕೇರಿಯ ವ್ಯಾಕರಣ 1817ರಲ್ಲಿ, ಮೆಕೆರೆಲ್‌ನದು 1820ರಲ್ಲಿ ಹೊರಬಂದವು. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನೂ ಪ್ರಕಟಿಸಿದ. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ, 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಹೊರತಂದ. ದ್ರಾವಿಡ ಭಾಷೆಗಳಲ್ಲಿ ವಿಶೇಷಣದ ಕೆಲಸವನ್ನು ಗುಣವಾಚಕ ನಾಮಗಳೂ ಕೃದಂತಗಳೂ ಮಾಡುತ್ತವೆ ಎಂದು ಭಾಷಾಶಾಸ್ತ್ರಜ್ಞ ಕಾಲ್ಡ್‌ವೆಲ್ 1856ರಲ್ಲೇ ಗುರುತಿಸಿದ್ದ. 1894ರಲ್ಲಿ ಮಂಗಳೂರಿನಿಂದ ಬಂದ ಕಿಟೆಲ್‌ನ ಕನ್ನಡ–ಇಂಗ್ಲಿಷ್ ಕೋಶದ ಹಿರಿಮೆ ಅರ್ಥ ಕೊಡುವುದರಲ್ಲಿ ಮಾತ್ರವಿಲ್ಲ. ಗಾದೆಗಳನ್ನೂ ಪ್ರಯೋಗಗಳನ್ನೂ ಪದದ ಜೊತೆಗೇ ತೋರಿಸುವುದರಲ್ಲಿದೆ.

ಆದರೆ ಶಾಲೆಯ ಕಿರುಕೋಶಗಳ ರೂಢಿ ಬೇರೆ: ಒಂದು ಇಂಗ್ಲಿಷ್ ಪದಕ್ಕೆ ಒಂದೆರಡು ಕನ್ನಡ ಪದ. ‘ಅಸ್ಥಿರ’, ‘ಚಂಚಲ’ ಎಂಬ ಸಂಸ್ಕೃತ ಪದಗಳು ಇಲ್ಲಿ ಸುಲಭವಾಗಿ ಕೈಗೆ ಸಿಗುತ್ತವೆ. ‘ಚಂಚಲ’ ಮನಸ್ಸಿಗೆ ಒಪ್ಪುತ್ತದೆ, ಮೇಜಿಗೆ ಒಪ್ಪುವುದಿಲ್ಲ. ‘ಅಸ್ಥಿರ’ ಸರ್ಕಾರಕ್ಕೂ ದರಕ್ಕೂ ಹೊಂದುತ್ತದೆ; ಮಗುವಿನ ಹಲ್ಲಿಗೆ ಯಾರೂ ಆ ಮಾತು ಬಳಸುವುದಿಲ್ಲ. ಕನ್ನಡದಲ್ಲೇ ಆಡದ ಮಾತಿನ ಮೂಲಕ ಇಂಗ್ಲಿಷಿನ ಆಡುಮಾತನ್ನು ಹಿಡಿಯಲು ಹೊರಟರೆ ಎರಡೂ ಕೈತಪ್ಪುತ್ತವೆ.

ಪದಗಳ ಹಂಚಿಕೆ

ಇಂಗ್ಲಿಷಿನಲ್ಲಿ ಈ ಪದಗಳಿಗೆ ಗೊತ್ತಾದ ನೆಲೆಗಳಿವೆ. ‘ವಾಬ್ಲಿ’ ಕಣ್ಣಿಗೆ ಕಾಣುವ ವಸ್ತುಗಳಿಗೆ: ಕುರ್ಚಿ, ಹಲ್ಲು, ಜ್ವರ ಬಿಟ್ಟೆದ್ದವನ ಕಾಲು. ‘ಶೇಕಿ’ ಕೈಗೂ ದನಿಗೂ ಸಲ್ಲುತ್ತದೆ, ಅಲ್ಲಿಂದ ಸಾಕ್ಷ್ಯ, ವಾದ, ಆರಂಭಗಳಿಗೂ ಹಬ್ಬುತ್ತದೆ. ‘ಅನ್‌ಸ್ಟೆಡಿ’ ಹೆಚ್ಚಾಗಿ ನಡಿಗೆಗೆ. ‘ಅನ್‌ಸ್ಟೇಬಲ್’ ಸಮತೋಲ ತಪ್ಪಬಹುದಾದ ಸ್ಥಿತಿಗೆ: ಕುಸಿಯುವ ದಿಬ್ಬ, ಮೈತ್ರಿ ಸರ್ಕಾರ, ಯಶವಂತಪುರ ಮಾರುಕಟ್ಟೆಯಲ್ಲಿ ಏರಿಳಿಯುವ ಈರುಳ್ಳಿ ದರ. ‘ರಿಕೆಟಿ’ ಹುಟ್ಟಿದ್ದು ಮಕ್ಕಳ ಮೂಳೆ ಮೆತ್ತಗಾಗಿಸುವ ರಿಕೆಟ್ಸ್ ಕಾಯಿಲೆಯ ಹೆಸರಿನಿಂದ. ಈಗ ಅದು ಕೀಲು ಸಡಿಲಾದ ಏಣಿ, ಮಂಚಗಳಿಗೆ ಸಲ್ಲುತ್ತದೆ. ಬೆಂಗಳೂರಿನ ಬೀದಿಮಾತಿನ ‘ಲಟಾರಿ’ ಇದಕ್ಕೆ ತೀರ ಹತ್ತಿರದ್ದು. ‘ಲಟಾರಿ ಬಸ್ಸು’ ಗೊತ್ತಿರುವ ಹೆಬ್ಬಾಳದ ಹುಡುಗನಿಗೆ ‘ರಿಕೆಟಿ ಬಸ್’ ಕಲಿಸಲು ‘ಅಸ್ಥಿರ’ದ ಹಂಗು ಬೇಕಿಲ್ಲ.

ಬೋಧನೆಯ ಪ್ರಯೋಗಗಳು

ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರ ತರಬೇತಿಗಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾಯಿತು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ‘ಬೆಂಗಳೂರು ಯೋಜನೆ’ ಎಂದೇ ಜಗತ್ತಿನಾದ್ಯಂತ ಹೆಸರಾಯಿತು. ವ್ಯಾಕರಣದ ಕಂಠಪಾಠ ಬಿಟ್ಟು ನಕ್ಷೆ, ರೈಲಿನ ವೇಳಾಪಟ್ಟಿಗಳಂಥ ಲೆಕ್ಕಾಚಾರದ ಕೆಲಸಗಳನ್ನು ಮಕ್ಕಳ ಮುಂದಿಡುವುದು ಅದರ ಕ್ರಮ. ಅರ್ಥಕ್ಕೆ ಗಮನ ಕೊಟ್ಟಾಗ ಭಾಷೆಯ ರಚನೆ ತಾನಾಗಿ ಒಳಗಿಳಿಯುತ್ತದೆ ಎಂಬ ವಾದವನ್ನು ಪ್ರಭು 1987ರ ತಮ್ಮ ಗ್ರಂಥದಲ್ಲಿ ಮಂಡಿಸಿದರು. ಇತ್ತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಪಟ್ಟುಹಿಡಿದು, ವಿಶೇಷಣವನ್ನು ‘ಪರಿಚೆಪದ’ ಎಂದು ಕರೆದರು. ಒಬ್ಬರು ಇಂಗ್ಲಿಷ್ ಕಲಿಕೆಯನ್ನು, ಇನ್ನೊಬ್ಬರು ಕನ್ನಡದ ರಚನೆಯನ್ನು ಕುರಿತು ಬರೆದರೂ, ಎರವಲು ಚೌಕಟ್ಟಿಗಿಂತ ಬಳಕೆಯೇ ಮುಖ್ಯವೆಂಬ ಪಾಠ ಇಬ್ಬರಿಂದಲೂ ಸಿಗುತ್ತದೆ.

ಉಪಸಂಹಾರ

2007–08ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲೂ ಇಂಗ್ಲಿಷ್ ಒಂದು ವಿಷಯವಾಗಿದೆ. ಆ ಮಕ್ಕಳ ಕೈಗೆ ಸಮಾನಾರ್ಥಕ ಪದಗಳ ಪಟ್ಟಿ ಕೊಟ್ಟರೆ ಸಾಲದು. ಯಾವ ವಿಶೇಷಣ ಯಾವ ನಾಮಪದದ ಜೊತೆ ಕೂಡುತ್ತದೆ ಎಂಬುದನ್ನು ಅವರು ಮನೆಯಲ್ಲಿ ಆಡುವ ಕ್ರಿಯಾಪದದ ಪಕ್ಕದಲ್ಲಿಯೇ, ವಾಕ್ಯಸಹಿತ ತೋರಿಸುವ ಕೋಶ ಬೇಕು. ಕಿಟೆಲ್ 1894ರಲ್ಲಿ ಕನ್ನಡ ಪದಗಳಿಗೆ ಮಾಡಿದ ಕೆಲಸವನ್ನು ಶಾಲಾ ಮಕ್ಕಳ ಇಂಗ್ಲಿಷ್–ಕನ್ನಡ ಕೋಶಗಳಿಗೂ ಮಾಡಬೇಕಾಗಿದೆ. ಪಠ್ಯಪುಸ್ತಕ ರಚಿಸುವವರು ಮೊದಲು ಕೈಹಾಕಬೇಕಾದ ಕೆಲಸ ಇದು.