ದೊಡ್ಡ ಎಸ್.ಯು.ವಿ. ವಾಹನಗಳ ವಾಸ್ತವಿಕ ಮೈಲೇಜು ಮತ್ತು ಒಂದು ಟ್ಯಾಂಕ್ ಇಂಧನದಲ್ಲಿ ಕ್ರಮಿಸಬಹುದಾದ ದೂರ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಏಳು ಆಸನಗಳ ದೊಡ್ಡ ಎಸ್.ಯು.ವಿ. ವಾಹನವನ್ನು ಖರೀದಿಸುವವರು ಅಥವಾ ಹಳೆಯ ವಾಹನದ ಮಾಲೀಕತ್ವವನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ?" ಇದಕ್ಕೆ ಉತ್ತರವಾಗಿ ದೊರೆಯುವ ಅಂಕಿಯು ಬಹುಪಾಲು ಪ್ರಯೋಗಾಲಯದ ಪ್ರಮಾಣೀಕೃತ ಅಂಕಿಯಾಗಿರುತ್ತದೆ. ಆ ಅಂಕಿಯನ್ನು ನಂಬಿ ತಿಂಗಳ ಖರ್ಚನ್ನು ಅಂದಾಜಿಸಿದಲ್ಲಿ ಕುಟುಂಬದ ಆಯವ್ಯಯ ತಪ್ಪುತ್ತದೆ; ಅದನ್ನೇ ನಂಬಿ ದೂರದ ಪ್ರಯಾಣ ಕೈಗೊಂಡಲ್ಲಿ ವಾಹನವು ನಡುದಾರಿಯಲ್ಲಿ ನಿಲ್ಲುವ ಸಂಭವವಿದೆ.

ಪ್ರಮಾಣೀಕೃತ ಮೈಲೇಜು ಒಂದು ವಾಹನವನ್ನು ಮತ್ತೊಂದರೊಡನೆ ಹೋಲಿಸಲು ಇರುವ ಅಳತೆಗೋಲೇ ಹೊರತು, ರಸ್ತೆಯಲ್ಲಿ ಅಷ್ಟೇ ದೊರೆಯುವುದೆಂಬ ಭರವಸೆಯಲ್ಲ. ಈ ವ್ಯತ್ಯಾಸದ ಕಾರಣಗಳನ್ನೂ, ಮಾಲೀಕರು ಸ್ವತಃ ಲೆಕ್ಕ ಹಾಕಿಕೊಳ್ಳುವ ಕ್ರಮವನ್ನೂ ಈ ಕೆಳಕಂಡಂತೆ ವಿವರಿಸಲಾಗಿದೆ.

2. ಪ್ರಮಾಣೀಕೃತ ಮೈಲೇಜು ಎಂದರೇನು?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 126ರಂತೆ, ಮಾರಾಟಕ್ಕೆ ಬರುವ ಪ್ರತಿಯೊಂದು ಮಾದರಿಯ ವಾಹನವೂ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯಿಂದ ಪ್ರಮಾಣೀಕರಣ ಪಡೆಯಬೇಕು. ಪುಣೆಯ ಎ.ಆರ್.ಎ.ಐ. ಹಾಗೂ ಮಾನೇಸರದ ಐಕ್ಯಾಟ್ ಇಂತಹ ಸಂಸ್ಥೆಗಳು.

ಜಾಹೀರಾತುಗಳಲ್ಲಿ ಕಾಣುವ ಮೈಲೇಜು, ಮಾರ್ಪಡಿಸಿದ ಭಾರತೀಯ ಚಾಲನಾ ಚಕ್ರ ಎಂಬ ಪರೀಕ್ಷೆಯಿಂದ ಬಂದುದಾಗಿದೆ. ಇದರ ಮುಖ್ಯ ಅಂಶಗಳು:

(ಅ) ವಾಹನವನ್ನು ರಸ್ತೆಯಲ್ಲಿ ಓಡಿಸದೆ, ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಓಡಿಸಲಾಗುತ್ತದೆ.
(ಆ) ಪರೀಕ್ಷೆಯ ಅವಧಿ 1,180 ಸೆಕೆಂಡು, ಎಂದರೆ 20 ನಿಮಿಷಕ್ಕಿಂತ ತುಸು ಕಡಿಮೆ. ದೂರ ಸುಮಾರು 10.6 ಕಿ.ಮೀ.
(ಇ) ಗರಿಷ್ಠ ವೇಗ ಗಂಟೆಗೆ 90 ಕಿ.ಮೀ.; ಸರಾಸರಿ ವೇಗ ಗಂಟೆಗೆ ಸುಮಾರು 32 ಕಿ.ಮೀ.
(ಈ) ಹವಾನಿಯಂತ್ರಣ ಯಂತ್ರವನ್ನು ನಿಲ್ಲಿಸಿರಲಾಗುತ್ತದೆ.
(ಉ) ವಾಹನದ ಖಾಲಿ ತೂಕಕ್ಕೆ 150 ಕೆ.ಜಿ. ಮಾತ್ರ ಸೇರಿಸಿ ಭಾರವನ್ನು ನಿಗದಿಪಡಿಸಲಾಗುತ್ತದೆ. ಏಳು ಜನ ವಯಸ್ಕರು ಕುಳಿತಲ್ಲಿ ಭಾರವು ಇದರ ಮೂರು ಪಟ್ಟಿನಷ್ಟಾಗುತ್ತದೆ.

ಎಲ್ಲ ವಾಹನಗಳನ್ನೂ ಒಂದೇ ಷರತ್ತಿನಲ್ಲಿ ಅಳೆಯುವುದರಿಂದ ಹೋಲಿಕೆಗೆ ಈ ಪರೀಕ್ಷೆ ಉಪಯುಕ್ತ. ಆದರೆ ಏರುದಾರಿ, ಮಳೆ, ಎದುರುಗಾಳಿ, ಸಂಚಾರ ದಟ್ಟಣೆ ಯಾವುವೂ ಇದರಲ್ಲಿ ಸೇರಿರುವುದಿಲ್ಲ.

ಈ ಸಮಸ್ಯೆ ನಮ್ಮ ದೇಶಕ್ಕೆ ಸೀಮಿತವಲ್ಲ. ನಮ್ಮ ಪರೀಕ್ಷೆಗೆ ಮೂಲ ಮಾದರಿಯಾದ ಯುರೋಪಿನ ಹಳೆಯ ಚಾಲನಾ ಚಕ್ರವನ್ನು ಅಲ್ಲಿ 2017ರಿಂದ ಹಂತ ಹಂತವಾಗಿ ಕೈಬಿಟ್ಟು, ಹೆಚ್ಚು ಕಠಿಣವಾದ ಪರೀಕ್ಷೆಯನ್ನು ಜಾರಿಗೆ ತರಲಾಯಿತು. ಆದರೂ ಯುರೋಪಿಯನ್ ಆಯೋಗವು 2024ರಲ್ಲಿ ಪ್ರಕಟಿಸಿದ ವರದಿಯಂತೆ, ರಸ್ತೆಯಲ್ಲಿನ ಇಂಧನ ಬಳಕೆಯು ಪ್ರಯೋಗಾಲಯದ ಅಂಕಿಗಿಂತ ಡೀಸೆಲ್ ಕಾರುಗಳಲ್ಲಿ ಸುಮಾರು ಶೇ. 18ರಷ್ಟು, ಪೆಟ್ರೋಲ್ ಕಾರುಗಳಲ್ಲಿ ಸುಮಾರು ಶೇ. 24ರಷ್ಟು ಹೆಚ್ಚಿತ್ತು.

3. ದೊಡ್ಡ ವಾಹನಗಳಲ್ಲಿ ಇಂಧನ ಹೆಚ್ಚು ವ್ಯಯವಾಗಲು ಕಾರಣಗಳು

ಉದಾಹರಣೆಗೆ, ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಫಾರ್ಚೂನರ್ ಡೀಸೆಲ್ ವಾಹನದ ಎಂಜಿನ್ 2,755 ಸಿ.ಸಿ., ಉದ್ದ 4,795 ಮಿ.ಮೀ., ಅಗಲ 1,855 ಮಿ.ಮೀ., ಎತ್ತರ 1,835 ಮಿ.ಮೀ.; ತೂಕ ಎರಡು ಟನ್ನಿಗೂ ಅಧಿಕ. ಇಷ್ಟು ಗಾತ್ರದ ಯಾವುದೇ ವಾಹನಕ್ಕೂ ಈ ಕೆಳಗಿನ ಕಾರಣಗಳು ಅನ್ವಯಿಸುತ್ತವೆ.

ನಿಂತು ಹೊರಡುವುದು: 2,200 ಕೆ.ಜಿ. ತೂಕದ ವಾಹನವು ನಿಂತಲ್ಲಿಂದ ಗಂಟೆಗೆ 60 ಕಿ.ಮೀ. ವೇಗಕ್ಕೆ ಬರಲು, ವೇಗ ಪಡೆಯುವುದಕ್ಕೆಂದೇ ಸುಮಾರು 30 ಮಿ.ಲೀ. ಡೀಸೆಲ್ ಖರ್ಚಾಗುತ್ತದೆ. ಬ್ರೇಕ್ ಒತ್ತಿದೊಡನೆ ಆ ಶಕ್ತಿಯೆಲ್ಲ ಶಾಖವಾಗಿ ನಷ್ಟವಾಗುತ್ತದೆ. ದಿನಕ್ಕೆ ನೂರು ಬಾರಿ ಹೀಗಾದಲ್ಲಿ ಮೂರು ಲೀಟರ್ ಇದಕ್ಕೇ ವ್ಯಯವಾದಂತೆ.

ನಿಂತಲ್ಲಿಯೇ ಎಂಜಿನ್ ಚಾಲೂ ಇಡುವುದು: ದೊಡ್ಡ ಡೀಸೆಲ್ ಎಂಜಿನ್ ಹವಾನಿಯಂತ್ರಣದೊಡನೆ ಗಂಟೆಗೆ ಸುಮಾರು ಒಂದು ಲೀಟರ್ ಇಂಧನ ಬಳಸುತ್ತದೆ. ಈ ಅವಧಿಯಲ್ಲಿ ಕ್ರಮಿಸಿದ ದೂರ ಸೊನ್ನೆ.

ವೇಗ: ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ. ಬದಲು 100 ಕಿ.ಮೀ. ವೇಗದಲ್ಲಿ ಸಾಗಿದಲ್ಲಿ ಈ ಪ್ರತಿರೋಧ ಶೇ. 56ರಷ್ಟು ಹೆಚ್ಚುತ್ತದೆ. ವಾಹನ ಎತ್ತರವೂ ಅಗಲವೂ ಆಗಿದ್ದಷ್ಟೂ ಇದರ ಹೊರೆ ಅಧಿಕ. ಛಾವಣಿಯ ಮೇಲಿನ ಕ್ಯಾರಿಯರ್ ಮತ್ತು ಅದರ ಮೇಲಿನ ಸಾಮಾನು ಈ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಘಾಟಿ ರಸ್ತೆ: ಜನ ಮತ್ತು ಸಾಮಾನು ಸೇರಿ 2,500 ಕೆ.ಜಿ. ಇರುವ ವಾಹನವು ಪ್ರತಿ 100 ಮೀಟರ್ ಎತ್ತರ ಏರಲು ಸುಮಾರು ಕಾಲು ಲೀಟರ್ ಹೆಚ್ಚುವರಿ ಡೀಸೆಲ್ ಬೇಕು. ಕರಾವಳಿಯಿಂದ 800 ಮೀಟರ್ ಎತ್ತರದ ಮಲೆನಾಡಿಗೆ ಏರುವಾಗ ಇದು ಎರಡು ಲೀಟರ್ ಆಗುತ್ತದೆ. ಆದುದರಿಂದ ಹೋಗುವಾಗಿನ ಮೈಲೇಜು ಬರುವಾಗ ದೊರೆಯುವುದಿಲ್ಲ.

ಟೈರು: ಗಾಳಿ ಕಡಿಮೆಯಿದ್ದಲ್ಲಿ ಉರುಳುವ ಪ್ರತಿರೋಧ ಹೆಚ್ಚುತ್ತದೆ. ಟೈರು ತಣ್ಣಗಿರುವಾಗ ಗಾಳಿಯ ಒತ್ತಡ ಪರೀಕ್ಷಿಸತಕ್ಕದ್ದು. ಕಂಪನಿ ಸೂಚಿಸಿದ್ದಕ್ಕಿಂತ ದೊಡ್ಡ ಟೈರು ಹಾಕಿಸಿದಲ್ಲಿ ಓಡೋಮೀಟರ್ ವಾಸ್ತವಕ್ಕಿಂತ ಕಡಿಮೆ ದೂರ ತೋರಿಸುವುದರಿಂದ ಮೈಲೇಜಿನ ಲೆಕ್ಕವೂ ತಪ್ಪುತ್ತದೆ.

ಇಂಧನ: ಪೆಟ್ರೋಲ್ ಮಾದರಿಗಳಲ್ಲಿ ಎಥನಾಲ್ ಮಿಶ್ರಣವೂ ಒಂದು ಕಾರಣ. ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲಿನಿಂದ, ಶೇ. 10ರ ಮಿಶ್ರಣಕ್ಕೆ ಹೊಂದಿಸಲಾದ ಹಳೆಯ ವಿನ್ಯಾಸದ ನಾಲ್ಕು ಚಕ್ರ ವಾಹನಗಳಲ್ಲಿ ಶೇ. 6ರಿಂದ 7ರಷ್ಟು, ಶೇ. 20ಕ್ಕೆ ಹೊಂದಿಸಲಾದ ವಾಹನಗಳಲ್ಲಿ ಶೇ. 1ರಿಂದ 2ರಷ್ಟು ಮೈಲೇಜು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿದೆ.

4. ಮೈಲೇಜನ್ನು ಸ್ವತಃ ಅಳೆಯುವ ವಿಧಾನ

ವಾಹನದ ಪರದೆಯಲ್ಲಿ ತೋರುವ ಸರಾಸರಿಯು ಯಂತ್ರದ ಅಂದಾಜು. ಅದಕ್ಕಿಂತ "ಪೂರ್ಣ ಟ್ಯಾಂಕ್" ವಿಧಾನವು ಹೆಚ್ಚು ನಂಬಲರ್ಹ.

(1) ಟ್ಯಾಂಕ್ ಭರ್ತಿ ಮಾಡಿಸಿ, ಪಂಪಿನ ನಳಿಕೆ ಮೊದಲ ಬಾರಿ ತಾನಾಗಿ ನಿಂತಾಗ ನಿಲ್ಲಿಸುವುದು. ಓಡೋಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳುವುದು.
(2) ಕನಿಷ್ಠ ಅರ್ಧ ಟ್ಯಾಂಕ್ ಖಾಲಿಯಾಗುವವರೆಗೆ ಎಂದಿನಂತೆ ವಾಹನ ಬಳಸುವುದು.
(3) ಸಾಧ್ಯವಾದಷ್ಟು ಅದೇ ಬಂಕಿನಲ್ಲಿ ಪುನಃ ಅದೇ ರೀತಿ ಭರ್ತಿ ಮಾಡಿಸಿ, ಹಾಕಿಸಿದ ಲೀಟರ್ ಮತ್ತು ಓಡೋಮೀಟರ್ ಅಂಕಿಯನ್ನು ಬರೆದುಕೊಳ್ಳುವುದು.
(4) ಕ್ರಮಿಸಿದ ದೂರವನ್ನು ಎರಡನೇ ಬಾರಿ ಹಾಕಿಸಿದ ಲೀಟರಿನಿಂದ ಭಾಗಿಸುವುದು.

ಉದಾಹರಣೆ: ಮೊದಲ ಭರ್ತಿಯಲ್ಲಿ 18,240 ಕಿ.ಮೀ.; ಎರಡನೇ ಭರ್ತಿಯಲ್ಲಿ 18,848 ಕಿ.ಮೀ.; ಹಾಕಿಸಿದ ಡೀಸೆಲ್ 58.4 ಲೀಟರ್. ದೂರ 608 ಕಿ.ಮೀ. ÷ 58.4 = ಲೀಟರಿಗೆ 10.4 ಕಿ.ಮೀ.

ಒಂದು ಭರ್ತಿಯ ಲೆಕ್ಕ ಸಾಲದು. ಕನಿಷ್ಠ ಮೂರು ಭರ್ತಿಗಳ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸತಕ್ಕದ್ದು. ಮೈಲೇಜುಗಳನ್ನೇ ಕೂಡಿ ಸರಾಸರಿ ತೆಗೆಯಬಾರದು. ನಗರದಲ್ಲಿ ಲೀಟರಿಗೆ 8 ಕಿ.ಮೀ.ನಂತೆ 100 ಕಿ.ಮೀ., ಹೆದ್ದಾರಿಯಲ್ಲಿ 12 ಕಿ.ಮೀ.ನಂತೆ 100 ಕಿ.ಮೀ. ಕ್ರಮಿಸಿದಲ್ಲಿ ಸರಾಸರಿ 10 ಎಂದು ತೋರಬಹುದು. ಆದರೆ ಬಳಸಿದ ಇಂಧನ 12.5 + 8.33 = 20.83 ಲೀಟರ್, ನಿಜವಾದ ಸರಾಸರಿ 9.6 ಮಾತ್ರ.

5. ಒಂದು ಟ್ಯಾಂಕ್ ಇಂಧನದಲ್ಲಿ ಎಷ್ಟು ದೂರ?

ಮೇಲೆ ಹೇಳಿದ ಫಾರ್ಚೂನರ್ ವಾಹನದ ಟ್ಯಾಂಕ್ ಸಾಮರ್ಥ್ಯ 80 ಲೀಟರ್. ಇಂತಹ ಟ್ಯಾಂಕಿನ ಎಲ್ಲ ಇಂಧನವನ್ನೂ ಲೆಕ್ಕಕ್ಕೆ ಹಿಡಿಯಬಾರದು. ಎಂಟನೇ ಒಂದು ಭಾಗವನ್ನು, ಎಂದರೆ 10 ಲೀಟರನ್ನು, ಮೀಸಲು ಎಂದು ಬಿಟ್ಟು 70 ಲೀಟರಿಗೆ ಲೆಕ್ಕ ಹಾಕುವುದು ಸೂಕ್ತ. ಕೆಳಗಿನ ಮೈಲೇಜುಗಳನ್ನು ಲೆಕ್ಕದ ಕ್ರಮ ತೋರಿಸಲು ಊಹಿಸಲಾಗಿದ್ದು, ಯಾವುದೇ ನಿರ್ದಿಷ್ಟ ವಾಹನದ ಅಳತೆಗಳಲ್ಲ.

- ಪ್ರಮಾಣೀಕೃತ ಅಂಕಿ 14ರಂತೆ, ಪೂರ್ಣ 80 ಲೀಟರಿಗೆ: 1,120 ಕಿ.ಮೀ.
- ಹೆದ್ದಾರಿಯಲ್ಲಿ 12ರಂತೆ, 70 ಲೀಟರಿಗೆ: 840 ಕಿ.ಮೀ.
- ಪೂರ್ಣ ಭಾರದೊಡನೆ ಘಾಟಿ ರಸ್ತೆಯಲ್ಲಿ 9ರಂತೆ, 70 ಲೀಟರಿಗೆ: 630 ಕಿ.ಮೀ.
- ನಗರದಲ್ಲಿ 8ರಂತೆ, 70 ಲೀಟರಿಗೆ: 560 ಕಿ.ಮೀ.

ಕಾಗದದ ಮೇಲಿನ ದೂರದ ಅರ್ಧದಷ್ಟು ಮಾತ್ರ ನಗರದಲ್ಲಿ ದೊರೆಯಬಹುದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಪ್ರಯಾಣದ ಯೋಜನೆಗೆ ತಮ್ಮ ದಾಖಲೆಯಲ್ಲಿನ ಅತ್ಯಂತ ಕಡಿಮೆ ಮೈಲೇಜನ್ನೇ ಆಧಾರವಾಗಿಟ್ಟುಕೊಳ್ಳತಕ್ಕದ್ದು.

6. ಕುಟುಂಬದ ಖರ್ಚಿನ ಮೇಲೆ ಪರಿಣಾಮ

ತಿಂಗಳಿಗೆ 1,500 ಕಿ.ಮೀ. ಓಡಾಟ, ಅದರಲ್ಲಿ ಅರ್ಧ ನಗರ, ಅರ್ಧ ಹೆದ್ದಾರಿ; ಡೀಸೆಲ್ ದರ ಲೀಟರಿಗೆ ರೂ. 90/- ಎಂದು ಭಾವಿಸಿದಲ್ಲಿ:

ಪ್ರಮಾಣೀಕೃತ 14ರಂತೆ ಬೇಕಾಗುವ ಡೀಸೆಲ್ 107 ಲೀಟರ್. ವಾಸ್ತವದ 9.6ರಂತೆ 156 ಲೀಟರ್. ವ್ಯತ್ಯಾಸ 49 ಲೀಟರ್, ಎಂದರೆ ತಿಂಗಳಿಗೆ ರೂ. 4,410/-, ವರ್ಷಕ್ಕೆ ರೂ. 52,920/-, ಐದು ವರ್ಷದ ಸಾಲದ ಅವಧಿಗೆ ರೂ. 2,64,600/-. ಸಾಲದ ಕಂತನ್ನು ನಿರ್ಧರಿಸುವ ಮುನ್ನ ಈ ಮೊತ್ತವನ್ನು ಗಮನದಲ್ಲಿಟ್ಟುಕೊಳ್ಳುವುದು ಒಳಿತು. ಹಳೆಯ ವಾಹನ ಕೊಳ್ಳುವವರು ಮಾರುವವರಿಂದ ಸರ್ವಿಸ್ ದಾಖಲೆಯ ಜೊತೆಗೆ ಇಂಧನದ ಬಿಲ್ಲುಗಳನ್ನೂ ಕೇಳಿ ನೋಡಬಹುದು.

7. ದೂರದ ಪ್ರಯಾಣದಲ್ಲಿ ವಹಿಸಬೇಕಾದ ಎಚ್ಚರಿಕೆ

(ಅ) ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಅಥವಾ ಊಟಿಯ ಕಡೆಗೆ ಹೋಗುವ ರಸ್ತೆಗಳು ಬಂಡೀಪುರ ಅರಣ್ಯದ ಮೂಲಕ ಹಾದುಹೋಗುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ; ಅರಣ್ಯದೊಳಗೆ ವಾಹನ ನಿಲ್ಲಿಸುವುದಕ್ಕೂ ಅವಕಾಶವಿಲ್ಲ. ಇಂಧನ ಮುಗಿದು ಕಾಡಿನ ನಡುವೆ ನಿಲ್ಲುವುದು ಪ್ರಯಾಣಿಕರಿಗೂ ವನ್ಯಜೀವಿಗಳಿಗೂ ಅಪಾಯಕರ. ಆದುದರಿಂದ ಗುಂಡ್ಲುಪೇಟೆಯಲ್ಲಿಯೇ ಇಂಧನ ತುಂಬಿಸಿಕೊಂಡು ಹೊರಡತಕ್ಕದ್ದು. ಘಾಟಿ ರಸ್ತೆಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

(ಆ) ಡೀಸೆಲ್ ಪೂರ್ಣ ಮುಗಿದಲ್ಲಿ ಇಂಧನ ಕೊಳವೆಗಳೊಳಗೆ ಗಾಳಿ ಸೇರುತ್ತದೆ. ಬಳಿಕ ಡೀಸೆಲ್ ಹಾಕಿದರೂ ಗಾಳಿ ಹೊರಹಾಕುವವರೆಗೆ ಎಂಜಿನ್ ಚಾಲೂ ಆಗದಿರಬಹುದು.

(ಇ) ಬಿ.ಎಸ್.-6 ಮಾನದಂಡದ ಹಲವು ದೊಡ್ಡ ಡೀಸೆಲ್ ವಾಹನಗಳಲ್ಲಿ ಹೊಗೆ ಶುದ್ಧೀಕರಣಕ್ಕೆ ಡೆಫ್ ದ್ರವದ ಪ್ರತ್ಯೇಕ ಟ್ಯಾಂಕ್ ಇರುತ್ತದೆ. ಅದು ಖಾಲಿಯಾಗಿ ಎಂಜಿನ್ ನಿಂತಲ್ಲಿ, ಡೀಸೆಲ್ ಇದ್ದರೂ ಪುನಃ ಚಾಲೂ ಆಗದಂತೆ ಅನೇಕ ವಾಹನಗಳಲ್ಲಿ ವ್ಯವಸ್ಥೆಯಿದೆ. ಹೊರಡುವ ಮುನ್ನ ಎರಡೂ ಮಟ್ಟಗಳನ್ನು ನೋಡಿಕೊಳ್ಳುವುದು.

(ಈ) ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನ ನಿಂತಲ್ಲಿ ರಸ್ತೆಯ ಅಂಚಿಗೆ ಸರಿಸಿ, ಅಪಾಯ ಸೂಚಕ ದೀಪ ಹಾಕಿ, ತ್ರಿಕೋನ ಫಲಕವನ್ನಿಟ್ಟು, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡುವುದು.

8. ನೋಂದಣಿ ದಾಖಲೆಗಳು ಮತ್ತು ಮೈಲೇಜು

ನೋಂದಣಿ ಪ್ರಮಾಣಪತ್ರದಲ್ಲಿ ಇಂಧನದ ವಿಧ, ಎಂಜಿನ್ ಸಾಮರ್ಥ್ಯ, ಖಾಲಿ ತೂಕ, ಆಸನ ಸಂಖ್ಯೆ ಮುಂತಾದವು ಇರುತ್ತವೆ, ಮೈಲೇಜು ಇರುವುದಿಲ್ಲ. ವಾಯುಮಾಲಿನ್ಯ ತಪಾಸಣೆಯಲ್ಲಿ ಡೀಸೆಲ್ ವಾಹನದ ಹೊಗೆಯ ಸಾಂದ್ರತೆಯನ್ನು ಮಾತ್ರ ಅಳೆಯಲಾಗುತ್ತದೆ. ಹದಿನೈದು ವರ್ಷಗಳ ನಂತರ ಖಾಸಗಿ ವಾಹನದ ನೋಂದಣಿ ನವೀಕರಿಸುವಾಗ ನಡೆಯುವ ತಪಾಸಣೆಯಲ್ಲಿಯೂ ಮೈಲೇಜು ಅಳೆಯುವುದಿಲ್ಲ. ಆದುದರಿಂದ ಮೈಲೇಜಿನ ಬಗ್ಗೆ ದೃಢೀಕರಣ ಪತ್ರ ಕೋರಿ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಸಲ್ಲಿಸುವ ಅಗತ್ಯವಿರುವುದಿಲ್ಲ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜಾಹೀರಾತಿನಷ್ಟು ಮೈಲೇಜು ಬಾರದಿದ್ದಲ್ಲಿ ದೂರು ಕೊಡಬಹುದೇ?
ಉತ್ತರ: ವ್ಯತ್ಯಾಸ ಇದ್ದ ಮಾತ್ರಕ್ಕೆ ದೋಷವೆಂದು ತೀರ್ಮಾನಿಸಲಾಗದು. ಮೊದಲು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಲಿಖಿತ ದೂರು ನೀಡಿ ತಪಾಸಣೆ ಮಾಡಿಸುವುದು. ಜಾಹೀರಾತು ದಾರಿ ತಪ್ಪಿಸುವಂತಿದೆ ಅಥವಾ ವಾಹನದಲ್ಲಿ ದೋಷವಿದೆ ಎನಿಸಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು; ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ ರೂ. 50 ಲಕ್ಷದವರೆಗೆ ಇದ್ದಲ್ಲಿ ಜಿಲ್ಲಾ ಆಯೋಗ, ಅದನ್ನು ಮೀರಿ ರೂ. 2 ಕೋಟಿಯವರೆಗೆ ರಾಜ್ಯ ಆಯೋಗ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸತಕ್ಕದ್ದು. ಬಿಲ್ಲುಗಳು, ಜಾಹೀರಾತಿನ ಪ್ರತಿ, ಸರ್ವಿಸ್ ದಾಖಲೆ ಹಾಗೂ ಮೇಲೆ ವಿವರಿಸಿದ ಮೈಲೇಜು ದಾಖಲೆಯನ್ನು ಕಾಪಾಡಿಟ್ಟುಕೊಳ್ಳುವುದು.

ಪ್ರಶ್ನೆ: ಬಂಕಿನಲ್ಲಿ ಅಳತೆ ಕಡಿಮೆ ಎಂಬ ಸಂಶಯವಿದ್ದಲ್ಲಿ ಏನು ಮಾಡಬೇಕು?
ಉತ್ತರ: ಬಂಕಿನಲ್ಲಿರುವ, ಮುದ್ರೆಯೊತ್ತಿದ 5 ಲೀಟರ್ ಅಳತೆಪಾತ್ರೆಯಲ್ಲಿ ಅಳೆದು ತೋರಿಸುವಂತೆ ಕೇಳಲು ಗ್ರಾಹಕರಿಗೆ ಅವಕಾಶವಿದೆ. ವ್ಯತ್ಯಾಸ ಕಂಡಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು.

ಪ್ರಶ್ನೆ: ಮುಂಭಾಗಕ್ಕೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಿಸಬಹುದೇ?
ಉತ್ತರ: ಹಾಕಿಸಬಾರದು. ಅದರಿಂದ ತೂಕ ಹೆಚ್ಚುವುದಲ್ಲದೆ, ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಉಲ್ಲಂಘನೆಯೂ ಆಗುತ್ತದೆ. ಪಾದಚಾರಿಗಳಿಗೆ ಇದರಿಂದ ಗಂಭೀರ ಗಾಯಗಳಾಗುವ ಸಂಭವವಿದೆ.

ಪ್ರಶ್ನೆ: ಮೈಲೇಜು ದಿಢೀರನೆ ಇಳಿದಲ್ಲಿ?
ಉತ್ತರ: ಟೈರಿನ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿದುಕೊಂಡಿರುವುದು, ಇಂಧನ ಸೋರಿಕೆ ಇವುಗಳನ್ನು ಈ ಅನುಕ್ರಮದಲ್ಲಿ ಪರೀಕ್ಷಿಸಿ. ಇಂಧನದ ವಾಸನೆ ಬಂದಲ್ಲಿ ವಾಹನ ಚಲಾಯಿಸದೆ ಮೆಕ್ಯಾನಿಕ್‌ನನ್ನು ಕರೆಸತಕ್ಕದ್ದು.

ವಿಶೇಷ ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ವಾಹನದ ಟ್ಯಾಂಕ್ ಸಾಮರ್ಥ್ಯ, ಟೈರಿನ ಒತ್ತಡ ಮತ್ತು ಇಂಧನದ ವಿಧದ ಬಗ್ಗೆ ಆಯಾ ವಾಹನದ ಮಾಲೀಕರ ಕೈಪಿಡಿಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು. ಪ್ರತಿ ಭರ್ತಿಯ ದಿನಾಂಕ, ಲೀಟರ್, ಮೊತ್ತ ಮತ್ತು ಓಡೋಮೀಟರ್ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆ ವಾಹನ ಮಾಲೀಕರನ್ನು ಕೋರಲಾಗಿದೆ.