ಇಂಗ್ಲೆಂಡಿನಲ್ಲಿ ಅಭಿಯೋಗದ ವೆಚ್ಚವೂ ಕೌಂಟಿಯ ಬೊಕ್ಕಸವೂ

ಅಪರಾಧದ ಆರೋಪವನ್ನು ನ್ಯಾಯಸ್ಥಾನದಲ್ಲಿ ಸ್ಥಾಪಿಸುವ ಹೊಣೆ ಯಾರದು, ಅದರ ವೆಚ್ಚವನ್ನು ಕೊಡತಕ್ಕವರು ಯಾರು ಎಂಬ ಎರಡು ಪ್ರಶ್ನೆಗಳು ಒಂದನ್ನೊಂದು ಬಿಟ್ಟಿರವು. ಇಂಗ್ಲೆಂಡಿನ ಪಬ್ಲಿಕ್ ಪ್ರಾಸಿಕ್ಯೂಟರ ಚರಿತ್ರೆಯನ್ನು 1879ನೆಯ ಇಸವಿಯ ಕಾಯಿದೆಯಿಂದ ಆರಂಭಿಸುವುದು ವಾಡಿಕೆ. ಆ ವರ್ಷ ಹುದ್ದೆಯು ಹುಟ್ಟಿತೆಂಬುದು ದಿಟ. ಆದರೆ ಅಭಿಯೋಗವು ಸಾರ್ವಜನಿಕ ಕಾರ್ಯವೆಂಬ ಭಾವನೆಯು ಅದಕ್ಕೆ ನೂರಿಪ್ಪತ್ತೇಳು ವರ್ಷ ಮುಂಚೆಯೇ, ಕೌಂಟಿಯ ಖಜಾಂಚಿಯ ಲೆಕ್ಕದಲ್ಲಿ ತಲೆದೋರಿತೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಡವೆಯನ್ನು ಕಳೆದುಕೊಂಡವನೇ ಫಿರ್ಯಾದಿ. ಮೊಕದ್ದಮೆಯನ್ನು ನಡೆಸತಕ್ಕವನೂ ಅವನೇ. ಆಪಾದನಾಪತ್ರವನ್ನು ಬರೆಯಿಸುವುದಕ್ಕೆ ಗುಮಾಸ್ತನಿಗೆ ಶುಲ್ಕ ತೆರಬೇಕು. ಸಾಕ್ಷಿಗಳನ್ನು ದೂರದ ಪಟ್ಟಣಕ್ಕೆ ಕರೆತಂದು ಅನ್ನವಸತಿಗಳನ್ನು ಒದಗಿಸಬೇಕು. ತನ್ನ ಕೆಲಸವನ್ನು ಬಿಟ್ಟು ಸರದಿಗಾಗಿ ಕಾದಿರಬೇಕು. ಸ್ಥಿತಿವಂತರು ಊರೂರುಗಳಲ್ಲಿ ಸಂಘಗಳನ್ನು ಮಾಡಿಕೊಂಡು ಚಂದಾಹಣದಿಂದ ಈ ವೆಚ್ಚವನ್ನು ಹಂಚಿಕೊಂಡರು. ಕೂಲಿಯವನಿಗೆ ಆ ಆಸರೆಯೂ ಇರಲಿಲ್ಲವಾಗಿ, ಅವನು ನಷ್ಟವನ್ನು ನುಂಗಿಕೊಂಡು ಸುಮ್ಮನಿರುವುದೇ ಲಾಭವೆನ್ನುವಂತಾಗಿತ್ತು.

ಸೇತುವೆ, ಸೆರೆಮನೆ ಮುಂತಾದವುಗಳಿಗಾಗಿ ಬೇರೆಬೇರೆಯಾಗಿ ಎತ್ತುತ್ತಿದ್ದ ಸ್ಥಳೀಯ ತೆರಿಗೆಗಳನ್ನು 1739ರ ಕಾಯಿದೆಯು ಒಂದೇ ಕೌಂಟಿ ತೆರಿಗೆಯಾಗಿ ಕೂಡಿಸಿತು. ಈ ನಿಧಿಯಿದ್ದುದರಿಂದಲೇ ಮುಂದಿನ ಹೆಜ್ಜೆಯು ಸಾಧ್ಯವಾಯಿತು. ಘೋರಾಪರಾಧದಲ್ಲಿ ಆಪಾದಿತನಿಗೆ ಶಿಕ್ಷೆಯಾದ ಪಕ್ಷದಲ್ಲಿ, ಫಿರ್ಯಾದಿಯ ಸ್ಥಿತಿಗತಿಗಳನ್ನು ನೋಡಿ, ಅವನ ವೆಚ್ಚವನ್ನು ಕೌಂಟಿಯ ಖಜಾಂಚಿಯಿಂದ ಕೊಡಿಸಲು 1752ರಲ್ಲಿ ನ್ಯಾಯಸ್ಥಾನಕ್ಕೆ ಅಧಿಕಾರ ದೊರೆಯಿತು. 1754ರಲ್ಲಿ ಬಡ ಸಾಕ್ಷಿಗಳಿಗೂ ಭತ್ಯವು ಸಂದಿತು. ಆದರೆ ಶಿಕ್ಷೆಯಾದರೆ ಮಾತ್ರ ಹಣವೆಂಬ ನಿಯಮದಲ್ಲಿ ಒಂದು ಕೇಡಿತ್ತು. ಗೆಲ್ಲುವೆನೆಂಬ ನಂಬಿಕೆಯಿಲ್ಲದ ಪ್ರಾಮಾಣಿಕನು ಹಿಂಜರಿಯುವನು. ಹಣ ಬೇಕಾದವನು ಹೇಗಾದರೂ ಶಿಕ್ಷೆಯಾಗಲೆಂದು ಹವಣಿಸುವನು. 1778ರ ಕಾಯಿದೆಯು ಸೋಲುಗೆಲುವುಗಳ ಭೇದವನ್ನೆಣಿಸದೆ ವೆಚ್ಚವನ್ನು ಕೊಡಿಸುವಂತೆ ವಿಧಿಸಿತು. ನಮ್ಮ ವಿಷಯಕ್ಕೆ ಇದೇ ಮುಖ್ಯವಾದ ತಿರುವು. ಫಲವನ್ನು ನೋಡಿ ಕೊಡುವ ಹಣವು ಬಹುಮಾನವೆನಿಸಬಹುದು; ಫಲವನ್ನೆಣಿಸದೆ ಕೊಡುವ ಹಣವು ಸಾರ್ವಜನಿಕ ಸೇವೆಯ ವೆಚ್ಚವೇ ಸರಿ. 1826ರಲ್ಲಿ ಪೀಲನ ಕಾಯಿದೆಯು ಕೆಲವು ಲಘು ಅಪರಾಧಗಳಿಗೂ ಈ ಸೌಕರ್ಯವನ್ನು ವಿಸ್ತರಿಸಿತು.

ಮೊಕದ್ದಮೆಗಳು ಹೆಚ್ಚಿದಂತೆ ತೆರಿಗೆ ಕೊಡುವ ಭೂಮಾಲಿಕರ ಅಸಮಾಧಾನವೂ ಹೆಚ್ಚಿತು. 1835ರಿಂದ ರಾಷ್ಟ್ರದ ಬೊಕ್ಕಸವು ಅರ್ಧ ವೆಚ್ಚವನ್ನು ವಹಿಸಿಕೊಂಡಿತು. 1846ರಲ್ಲಿ, ಧಾನ್ಯದ ಸುಂಕಗಳ ರದ್ದಿನೊಡನೆ, ಪೂರ್ತಿ ವೆಚ್ಚವನ್ನೂ ಒಪ್ಪಿಕೊಂಡಿತು. ಹಣದೊಡನೆ ಲೆಕ್ಕ ತನಿಖೆಯೂ ಬಂದಿತು. ನ್ಯಾಯಸ್ಥಾನವು ಮಂಜೂರುಮಾಡಿದ ಬಾಬುಗಳನ್ನು ಲಂಡನ್ನಿನ ಪರಿಶೋಧಕರು ತಳ್ಳಿಹಾಕತೊಡಗಲು, ಆ ಹೊರೆಯು ಮರಳಿ ಕೌಂಟಿಯ ಮೇಲೆಯೇ ಬಿದ್ದಿತು.

1856ರ ಕಾಯಿದೆಯಂತೆ ಎಲ್ಲ ಕೌಂಟಿಗಳಲ್ಲಿಯೂ ಪೋಲೀಸು ದಳಗಳು ಏರ್ಪಟ್ಟ ಬಳಿಕ ಅಭಿಯೋಗವು ಬಹುಮಟ್ಟಿಗೆ ಅವರ ಕೈಸೇರಿತು. 1879ರ ಕಾಯಿದೆಯಂತೆ ನೇಮಕವಾದ ಡೈರೆಕ್ಟರನ ಕಚೇರಿಯಾದರೋ ಚಿಕ್ಕದು. ಗುರುತರವಾದ ಅಥವಾ ಕ್ಲಿಷ್ಟವಾದ ಕೆಲವು ಮೊಕದ್ದಮೆಗಳನ್ನು ಮಾತ್ರ ಅದು ನಡೆಸುತ್ತಿತ್ತು. ಉಳಿದುದೆಲ್ಲವೂ ಸ್ಥಳೀಯರ ಭಾರ. 1908ರ ಕಾಯಿದೆಯಲ್ಲಿಯೂ ವೆಚ್ಚವನ್ನು ಕೌಂಟಿಯ ಅಥವಾ ಕೌಂಟಿ ಬರೋದ ನಿಧಿಯಿಂದ ಕೊಡಿಸುವ ವಿಧಿಯೇ ಕಂಡುಬರುತ್ತದೆ.

ಪ್ರತಿಯೊಂದು ದಳಕ್ಕೂ ಅಭಿಯೋಗದ ಸಾಲಿಸಿಟರರ ಶಾಖೆಯಿರಬೇಕೆಂದು 1962ರಲ್ಲಿ ಪೋಲೀಸಿನ ರಾಯಲ್ ಕಮಿಷನ್ನು ಸಲಹೆಮಾಡಿತು. ಕೆಲವು ಕೌಂಟಿಗಳು ಇಂತಹ ಶಾಖೆಗಳನ್ನು ಸ್ಥಾಪಿಸಿದುವು, ಕೆಲವು ಸ್ಥಾಪಿಸಲಿಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಚರಿತ್ರಕಾರರಾದ ಸರ್ ಸಿರಿಲ್ ಫಿಲಿಪ್ಸರು ಅಧ್ಯಕ್ಷರಾಗಿದ್ದ ಕಮಿಷನ್ನು, ಪೋಲೀಸರಿಂದ ಬೇರೆಯಾದರೂ ಸ್ಥಳೀಯವಾಗಿಯೇ ನೆಲೆಗೊಂಡ ಅಭಿಯೋಗ ವ್ಯವಸ್ಥೆಯನ್ನು 1981ರಲ್ಲಿ ಸೂಚಿಸಿತು. ಸರ್ಕಾರವು ಬೇರ್ಪಡಿಕೆಯನ್ನು ಒಪ್ಪಿತು, ಸ್ಥಳೀಯತೆಯನ್ನು ಒಪ್ಪಲಿಲ್ಲ. 1985ರ ಕಾಯಿದೆಯಂತೆ ರಾಷ್ಟ್ರೀಯ ಅಭಿಯೋಗ ಇಲಾಖೆಯು 1986ರ ಏಪ್ರಿಲಿನಲ್ಲಿ ಮಹಾನಗರ ಕೌಂಟಿಗಳಲ್ಲಿಯೂ ಅಕ್ಟೋಬರಿನಲ್ಲಿ ಉಳಿದ ಕಡೆಗಳಲ್ಲಿಯೂ ಕೆಲಸಕ್ಕೆ ತೊಡಗಿತು. ಹೀಗೆ ವೆಚ್ಚವು ಸ್ಥಳೀಯ ನಿಧಿಯಿಂದ ರಾಷ್ಟ್ರದ ಬೊಕ್ಕಸಕ್ಕೆ ದಾಟಿದರೂ ಜನಬಲದ ಕೊರತೆ ನೀಗಲಿಲ್ಲ. ಮೊದಲ ವರ್ಷಗಳಲ್ಲಿ, ವಿಶೇಷವಾಗಿ ಲಂಡನ್ನಿನಲ್ಲಿ, ವಕೀಲರ ಅಭಾವವು ಇಲಾಖೆಯನ್ನು ಕಾಡಿತು.

ನಮ್ಮ ದೇಶದ ಓದುಗರು ಇಲ್ಲಿ ಒಂದು ಶಬ್ದಭ್ರಾಂತಿಗೆ ಎಡೆಗೊಡಬಾರದು. ಪಬ್ಲಿಕ್ ಪ್ರಾಸಿಕ್ಯೂಟರರನ್ನು ನೇಮಿಸುವ ಅಧಿಕಾರವನ್ನು 1898ರ ಭಾರತದ ಕ್ರಿಮಿನಲ್ ಪ್ರೊಸೀಜರ್ ಕೋಡು ಗವರ್ನರ್ ಜನರಲ್ಲರಿಗೂ 'ಲೋಕಲ್ ಗೌರ್ನಮೆಂಟಿ'ಗೂ ಕೊಟ್ಟಿತು. ಆ ಮಾತಿಗೆ ಅಲ್ಲಿ ಪ್ರಾಂತ ಸರ್ಕಾರವೆಂದರ್ಥವೇ ಹೊರತು ಜಿಲ್ಲೆಯ ಅಥವಾ ಪುರದ ಸಭೆಯೆಂದಲ್ಲ. ಇಂಗ್ಲೆಂಡಿನಲ್ಲಿ ಸ್ಥಳೀಯ ಹಣವು ಮೊದಲು ಬಂದು ಹುದ್ದೆಯು ಬಹುಕಾಲದ ಮೇಲೆ ಹುಟ್ಟಿದರೆ, ಇಲ್ಲಿ ಹುದ್ದೆಯು ಮೇಲಿನಿಂದಲೇ ಇಳಿದುಬಂದಿತು.

ಮೇಲ್ಕಂಡ ಸಂಗತಿಗಳಿಂದ ತಿಳಿಯಬರುವುದಿಷ್ಟು: ಕೌಂಟಿಯ ತೆರಿಗೆಯು ಬಡ ಫಿರ್ಯಾದಿಗೆ ನ್ಯಾಯಸ್ಥಾನದ ಬಾಗಿಲನ್ನು ತೆರೆಯಿತು, ಆದರೆ ಎಲ್ಲ ಕೌಂಟಿಗಳಲ್ಲಿಯೂ ಒಂದೇ ಸಮನಾಗಿ ತೆರೆಯಲಿಲ್ಲ. ರಾಷ್ಟ್ರದ ಬೊಕ್ಕಸವು ಸಮತೆಯನ್ನು ತರಲು ಯತ್ನಿಸಿತು, ಆದರೆ ಸಾಕಷ್ಟು ಜನರನ್ನು ಒದಗಿಸಲಿಲ್ಲ. ಹಣವನ್ನು ಕೊಡುವವರು ಬದಲಾದ ಮಾತ್ರಕ್ಕೆ ಹಣವು ಸಾಕಾಗುವುದಿಲ್ಲವೆಂಬುದಕ್ಕೆ ಈ ಚರಿತ್ರೆಯೇ ಪ್ರಮಾಣ.