ಮಾನ್ವಿ ಸೀಮೆಯಲ್ಲಿ ದಿನಗಳ ಲೆಕ್ಕ: ಪಂಚಾಂಗದಿಂದ ಡೈರಿಯವರೆಗೆ

ಕಚೇರಿಯ ಕೆಲಸವನ್ನೂ ಮನೆವಾರ್ತೆಯನ್ನೂ ದಿನವಾರು ಬರೆದಿಟ್ಟುಕೊಳ್ಳಲು ಇಂದು ಬಳಕೆಯಲ್ಲಿರುವ ಪ್ಲಾನರ್ ಎಂಬ ಪುಸ್ತಕ, ವರ್ಷವು ಜನವರಿ 1ಕ್ಕೆ ತೊಡಗುತ್ತದೆ, ಆ ವರ್ಷ ಎಲ್ಲರಿಗೂ ಒಂದೇ ಎಂಬ ನಂಬಿಕೆಯ ಮೇಲೆ ನಿಂತಿದೆ. ಲಂಡನ್ನಿನ ಜಾನ್ ಲೆಟ್ಸ್ 1812ರಲ್ಲಿ ದಿನಾಂಕ ಅಚ್ಚಾದ ಡೈರಿಯನ್ನು ಮಾರಾಟಕ್ಕೆ ತಂದಾಗ ಅಲ್ಲಿನ ವರ್ತಕನಿಗೆ ಈ ನಂಬಿಕೆ ಸಹಜವಾಗಿತ್ತು. ಆದರೆ ಕೃಷ್ಣಾ ತುಂಗಭದ್ರೆಗಳ ನಡುವೆ ಇರುವ, ಶಾಸನಗಳು ಎಡೆದೊರೆ ನಾಡು ಎಂದು ಕರೆಯುವ ಪ್ರದೇಶದಲ್ಲಿ, ಅಂದರೆ ಇಂದಿನ ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆಯಲ್ಲಿ, ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅಂಥ ಒಂದೇ ವರ್ಷ ಇರಲಿಲ್ಲ. ಮಳೆಗೆ ಒಂದು, ಕಂದಾಯಕ್ಕೆ ಒಂದು, ಅಂಗಡಿಗೆ ಒಂದು, ಹಬ್ಬಕ್ಕೆ ಒಂದು ಎಂಬಂತೆ ಹಲವು ವರ್ಷಗಳು ಜೊತೆಜೊತೆಗೆ ನಡೆಯುತ್ತಿದ್ದುದರಿಂದ, ಅವುಗಳನ್ನು ಪರಸ್ಪರ ಹೊಂದಿಸಿಕೊಳ್ಳುವುದೇ ಇಲ್ಲಿ ಬದುಕನ್ನು ಯೋಜಿಸುವ ಮುಖ್ಯ ಕೆಲಸವಾಗಿತ್ತು.

ಇವುಗಳಲ್ಲಿ ಅತ್ಯಂತ ಹಳೆಯದು ಪಂಚಾಂಗ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳುಳ್ಳ ಈ ಗಣಿತವನ್ನು ಯುಗಾದಿಯ ದಿನ ಊರಿನ ಪುರೋಹಿತರು ಓದಿ ಹೇಳುತ್ತಿದ್ದರು. ಹೀಗಾಗಿ ಓದುಬರಹ ಬಾರದ ಒಕ್ಕಲಿಗನಿಗೂ ವರ್ಷದ ರೂಪುರೇಷೆ ಕಿವಿಯ ಮೂಲಕವೇ ದೊರೆಯುತ್ತಿತ್ತು. ಬೇಸಾಯದವರಿಗೆ ತಿಥಿಗಿಂತಲೂ ಮುಖ್ಯವಾದದ್ದು ಮಳೆ ನಕ್ಷತ್ರ, ಅಂದರೆ ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಕಳೆಯುವ ಹದಿಮೂರು ಹದಿನಾಲ್ಕು ದಿನಗಳ ಅವಧಿ. ಮೇ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಮೊದಲ ವಾರದ ಕೊನೆಗೆ ಮೃಗಶಿರಾ, ಅದರ ಬೆನ್ನಿಗೆ ಆರಿದ್ರಾ ಎಂದು ಸಾಗುವ ಈ ಸರಣಿಯ ಮೇಲೆ ಕೆಂಪು ನೆಲದ ಮುಂಗಾರಿ ಬಿತ್ತನೆ ನಿಂತಿದ್ದರೆ, ಎರೆಹೊಲದ ಹಿಂಗಾರಿ ಬಿಳಿಜೋಳವು ಉತ್ತರಾ, ಹಸ್ತ ಮಳೆಗಳನ್ನು ಕಾಯುತ್ತಿತ್ತು. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗಳು ಹಬ್ಬಗಳೂ ಹೌದು, ಹೊಲದ ಕೆಲಸದ ಹಂತಗಳನ್ನು ಗುರುತಿಸುವ ಕಂಬಗಳೂ ಹೌದು.

ಪಂಚಾಂಗದ ಹಿಡಿತ ಹೊಲಕ್ಕಷ್ಟೇ ಸೀಮಿತವಾಗಿರಲಿಲ್ಲ. ಹರಿದಾಸ ಪರಂಪರೆಯ ವಿಜಯದಾಸರು ಹುಟ್ಟಿದ ಚೀಕಲಪರವಿ ಮತ್ತು ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟ ಎರಡೂ ಮಾನ್ವಿ ಸೀಮೆಯ ಊರುಗಳು. 1809ರಲ್ಲಿ ಕಾಲವಾದ ಜಗನ್ನಾಥದಾಸರ ಆರಾಧನೆ ಭಾದ್ರಪದ ಶುದ್ಧ ನವಮಿಯಂದು ನಡೆಯುವುದರಿಂದ ಇಂಗ್ಲಿಷ್ ತಾರೀಖಿನಲ್ಲಿ ಅದು ಪ್ರತಿವರ್ಷ ಸರಿಯುತ್ತದೆ. ಏಕಾದಶಿಯ ಉಪವಾಸ ಯಾವ ದಿನ ಎಂಬುದು ಕೂಡ ಒಂದೊಂದು ಮಠದ ಪಂಚಾಂಗದಲ್ಲಿ ಒಮ್ಮೊಮ್ಮೆ ಬೇರೆಯಾಗುತ್ತದೆ. ಇದೇ ಸೀಮೆಯ ಹಳ್ಳಿಗಳಲ್ಲಿ ಎಲ್ಲ ಜಾತಿಮತಗಳವರೂ ಸೇರಿ ಆಚರಿಸುವ ಮೊಹರಂ, ಚಾಂದ್ರಮಾನವನ್ನಷ್ಟೇ ಅನುಸರಿಸುವ ಹಿಜರಿ ವರ್ಷಕ್ಕೆ ಸೇರಿದ್ದು. ಆ ವರ್ಷ ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಹಬ್ಬ ಒಮ್ಮೆ ಬಿತ್ತನೆಗೆ, ಕೆಲವು ವರ್ಷಗಳ ನಂತರ ಬೇಸಿಗೆಗೆ ಬೀಳುತ್ತದೆ.

ಬರಹದಲ್ಲಿ ದಿನವನ್ನು ಹಿಡಿದಿಟ್ಟ ಶಿಸ್ತು ಮೊದಲು ಬೆಳೆದದ್ದು ವರ್ತಕರಲ್ಲಿ. ಕಾಗದ ಅಗ್ಗವಾಗುವ ಮೊದಲು ಕನ್ನಡ ನಾಡಿನ ಮಠ, ಅಂಗಡಿಗಳು ಕಡತವನ್ನು ಬಳಸುತ್ತಿದ್ದವು. ಅದು ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಿಂದ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಕಾಗದ ಬಂದ ಮೇಲೆ ಕೆಂಪು ಬಟ್ಟೆಯ ಹೊದಿಕೆಯುಳ್ಳ ವಹಿ ಅದರ ಸ್ಥಾನಕ್ಕೆ ಬಂದಿತು. ವಹಿಯ ಹಾಳೆಯಲ್ಲಿ ಗೆರೆ ಹೊಡೆಯುವ ಪದ್ಧತಿ ಇರಲಿಲ್ಲ. ಹಾಳೆಯನ್ನು ಉದ್ದಕ್ಕೆ ಹಲವು ಸಲ ಮಡಚಿ ಬಿಚ್ಚಿದರೆ ಮೂಡುವ ಮಡಿಕೆಯ ಗುರುತುಗಳೇ ಕಾಲಮುಗಳಾಗುತ್ತಿದ್ದವು, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಕಿರ್ದಿಯಲ್ಲಿ ಬರೆದು, ಸಂಜೆ ಶಿಲ್ಕು ತೆಗೆದು, ಬಳಿಕ ಒಬ್ಬೊಬ್ಬರ ಹೆಸರಿನ ಖಾತೆಗೆ ಏರಿಸಲಾಗುತ್ತಿತ್ತು. ಹತ್ತಿಯ ಗಿರಾಕಿ, ಸಾಲಗಾರ ರೈತರ ಖಾತೆಗಳ ನಡುವೆಯೇ ಮನೆಖರ್ಚಿನ ಖಾತೆಯೂ ಧರ್ಮಾರ್ಥದ ಖಾತೆಯೂ ಇರುತ್ತಿದ್ದುದು ಇಲ್ಲಿ ಗಮನಾರ್ಹ. ದುಡಿಮೆಗೊಂದು, ಸಂಸಾರಕ್ಕೊಂದು ಪುಸ್ತಕ ಎಂಬ ವಿಂಗಡಣೆಯನ್ನು ಮಾಡದೆ, ಒಂದೇ ಪುಸ್ತಕದೊಳಗೆ ಶೀರ್ಷಿಕೆ ಬದಲಿಸುವುದರಿಂದಲೇ ವರ್ತಕನು ಎರಡನ್ನೂ ಬೇರ್ಪಡಿಸಿದ್ದನು. ಅವನ ವರ್ಷ ಯುಗಾದಿಗೂ ಜನವರಿಗೂ ಕಾಯದೆ ದೀಪಾವಳಿಯ ಲಕ್ಷ್ಮೀಪೂಜೆಯೊಂದಿಗೆ ತೊಡಗುತ್ತಿತ್ತು; ಹೊಸ ವಹಿಯ ಮೊದಲ ಪುಟಕ್ಕೆ ಅರಿಸಿನ ಕುಂಕುಮ ಹಚ್ಚಿ, ಶ್ರೀಕಾರ ಬರೆದ ಮೇಲೆಯೇ ಬಲಿಪಾಡ್ಯಮಿಯಿಂದ ವ್ಯಾಪಾರ ಬರೆಯಲಾಗುತ್ತಿತ್ತು.

ಸರ್ಕಾರದ ವರ್ಷ ಇವೆಲ್ಲಕ್ಕಿಂತ ಬೇರೆ. ಹಿಜರಿ ವರ್ಷವನ್ನು ನಂಬಿ ಕಂದಾಯ ಕೇಳಿದರೆ ವಸೂಲಿಯ ದಿನ ಸುಗ್ಗಿಗಿಂತ ಮುಂದೆ ಮುಂದೆ ಓಡುತ್ತದೆ ಎಂಬ ಕಾರಣದಿಂದ ಮೊಗಲರು ಬೆಳೆಯನ್ನು ಅನುಸರಿಸುವ ಫಸಲಿ ಎಂಬ ಸೌರವರ್ಷವನ್ನು ರೂಪಿಸಿದ್ದರು. ದಖನ್ನಿನಲ್ಲಿ ಅದು ಷಹಜಹಾನನ ಕಾಲದಲ್ಲಿ, 1636ರಿಂದ ಎಣಿಕೆಗೆ ಬಂದು, ಮುಂದೆ ನಿಜಾಮರ ರಾಜ್ಯದಲ್ಲಿಯೂ ನೆಲೆಗೊಂಡಿತು. ಫಸಲಿ ಸಂಖ್ಯೆಗೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. 1853ರಲ್ಲಿ ಬ್ರಿಟಿಷರ ಕೈಸೇರಿ 1860ರಲ್ಲಿ ನಿಜಾಮರಿಗೆ ಹಿಂದಿರುಗಿದ ರಾಯಚೂರು ಸೀಮೆಯಲ್ಲಿ, ನಿಜಾಮರ ದಿವಾನ ಮೊದಲನೆಯ ಸಾಲಾರ್ ಜಂಗ್ 1865ರಲ್ಲಿ ಜಾರಿಗೆ ತಂದ ಜಿಲ್ಲಾಬಂದಿ, ಅಂದರೆ ರಾಜ್ಯವನ್ನು ಜಿಲ್ಲೆ ತಾಲೂಕುಗಳಾಗಿ ವಿಂಗಡಿಸಿದ ಸುಧಾರಣೆ, ಈ ವರ್ಷಮಾನವನ್ನು ಹಳ್ಳಿಯವರೆಗೆ ಇಳಿಸಿತು. ಆಜರ್, ದೈ, ಬಹಮನ್, ಇಸ್ಫಂದಾರ್ ಎಂಬ ಪಾರಸಿ ಹೆಸರಿನ ತಿಂಗಳುಗಳಿದ್ದ ನಿಜಾಮರ ಫಸಲಿ ವರ್ಷ ಅಕ್ಟೋಬರ್ ಆರಂಭದಲ್ಲಿ ತೊಡಗುತ್ತಿತ್ತು, ಮತ್ತು ಆ ರಾಜ್ಯದ ಭೂಕಂದಾಯ ಕಾಯ್ದೆಯ ಹೆಸರಿನಲ್ಲಿಯೇ 1317 ಫಸಲಿ ಎಂದಿದೆ. ಊರಿನ ಕುಲಕರ್ಣಿ ತನ್ನ ದಫ್ತರದಲ್ಲಿ ಬೆಳೆಯ ಪಹಣಿ, ಕಂದಾಯದ ಕಿಸ್ತು, ಜಮಾಬಂದಿ ಎಂಬ ವಾರ್ಷಿಕ ಲೆಕ್ಕ ತಪಾಸಣೆಗಳನ್ನು ಈ ತಿಂಗಳುಗಳಲ್ಲಿ ಬರೆದು, ರೈತನಿಗೆ ಅದನ್ನೇ ಮಳೆ ಮತ್ತು ಹುಣ್ಣಿಮೆಗಳ ಭಾಷೆಯಲ್ಲಿ ಹೇಳುತ್ತಿದ್ದುದರಿಂದ, ಎರಡು ವರ್ಷಗಳ ನಡುವಿನ ದುಭಾಷಿಯೂ ಆಗಿದ್ದನು.

1871ರಲ್ಲಿ ಬೊಂಬಾಯಿ ಮತ್ತು ಮದರಾಸು ಕಡೆಯ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದಾಗ ಇಂಗ್ಲಿಷ್ ತಾರೀಖು ಮತ್ತು ಗಡಿಯಾರದ ನಿಮಿಷಗಳೂ ಈ ಲೆಕ್ಕಕ್ಕೆ ಸೇರಿದವು. ಮಾನ್ವಿಯಿಂದ ಹತ್ತಿ ಕಳಿಸುವ ವರ್ತಕನು ಊರೊಳಗೆ ಹಾಲಿ ಸಿಕ್ಕಾ ಎಂಬ ನಿಜಾಮರ ನಾಣ್ಯದಲ್ಲಿಯೂ ಹೊರಗಿನವರೊಂದಿಗೆ ಬ್ರಿಟಿಷ್ ರೂಪಾಯಿಯಲ್ಲಿಯೂ ವ್ಯವಹರಿಸಬೇಕಿತ್ತು; ನಿಜಾಮರ ಕಚೇರಿಗಳಿಗೆ ವಾರದ ರಜೆ ಶುಕ್ರವಾರ, ಬ್ರಿಟಿಷ್ ಸೀಮೆಯ ಕಚೇರಿಗಳಿಗೆ ಭಾನುವಾರ.

ಈ ಬಹುತ್ವ ಕರಗಿದ್ದು ಸುಮಾರು ನಾಲ್ಕು ದಶಕಗಳಲ್ಲಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನಂತರ ಫಸಲಿ ತಿಂಗಳುಗಳೂ ಶುಕ್ರವಾರದ ರಜೆಯೂ ಹಿಂದೆ ಸರಿದವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮೇಘನಾದ ಸಾಹಾ ನೇತೃತ್ವದ ಸಮಿತಿ ಸೂಚಿಸಿದ ರಾಷ್ಟ್ರೀಯ ಶಕ ಪಂಚಾಂಗ 1957ರ ಮಾರ್ಚ್ 22ರಿಂದ ಜಾರಿಗೆ ಬಂದರೂ ಸರ್ಕಾರಿ ಕಾಗದಗಳಾಚೆಗೆ ಹೆಚ್ಚು ಹಬ್ಬಲಿಲ್ಲ. ವರ್ತಕರ ದೀಪಾವಳಿ ವರ್ಷಕ್ಕೆ ಆದಾಯ ತೆರಿಗೆ ಕಾನೂನು ಬಹುಕಾಲ ಅವಕಾಶ ಕೊಟ್ಟಿತ್ತು. 1989ರಿಂದ ಎಲ್ಲರ ಲೆಕ್ಕವೂ ಮಾರ್ಚ್ 31ಕ್ಕೆ ಮುಗಿಯಬೇಕೆಂಬ ನಿಯಮ ನೆಲೆಗೊಂಡಾಗ ವಹಿಪೂಜೆ ಉಳಿಯಿತು, ವಹಿಯ ವರ್ಷ ಹೋಯಿತು.

ಒಂದು ವರ್ಷ ಹೋದಂತೆ ಇನ್ನೊಂದು ಹುಟ್ಟಿದ್ದೂ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿ, ಎಡದಂಡೆ ಕಾಲುವೆ ಮಾನ್ವಿ ಸೀಮೆಯನ್ನು ಜೋಳ ಹತ್ತಿಗಳಿಂದ ಭತ್ತದ ಕಡೆಗೆ ತಿರುಗಿಸಿದ ಮೇಲೆ, ನೀರಾವರಿ ಸಲಹಾ ಸಮಿತಿ ಕಾಲುವೆಗೆ ನೀರು ಬಿಡುವ ಮತ್ತು ನಿಲ್ಲಿಸುವ ದಿನಾಂಕಗಳನ್ನು ನಿರ್ಧರಿಸುವ ಸಭೆಯೇ ರೈತನಿಗೆ ಯುಗಾದಿಯ ಪಂಚಾಂಗ ಶ್ರವಣದಷ್ಟು ಮುಖ್ಯವಾಯಿತು. ಸಸಿಮಡಿ, ನಾಟಿ, ಬೆಳೆಸಾಲ, ಮಗಳ ಮದುವೆ ಎಲ್ಲವೂ ಆ ದಿನಾಂಕಗಳನ್ನು ನೋಡಿಕೊಂಡು ನಿಶ್ಚಯವಾಗುತ್ತವೆ. ಕಾಲುವೆಯ ಕೊನೆ ಭಾಗದ ಹಳ್ಳಿಗಳಿಗೆ ನೀರು ತಡವಾಗಿ ತಲುಪುವುದರಿಂದ ಅಲ್ಲಿನವರು ಪ್ರಕಟವಾದ ದಿನಕ್ಕೆ ಇನ್ನಷ್ಟು ದಿನ ಸೇರಿಸಿ ಲೆಕ್ಕ ಹಾಕಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ ನೋಡಿದರೆ ಬ್ಯಾಂಕು, ಗೊಬ್ಬರದ ಅಂಗಡಿಗಳು ಹೊಸ ವರ್ಷಕ್ಕೆ ಹಂಚುವ ಡೈರಿಗಿಂತ ಗದಗಿನ ಶಾಬಾದಿಮಠದಂಥ ಪ್ರಕಾಶಕರ ಗೋಡೆ ಕ್ಯಾಲೆಂಡರ್ ಈ ಭಾಗದ ಮನೆಗಳಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಏಕೆಂಬುದು ತಿಳಿಯುತ್ತದೆ. ಅಂಥ ಕ್ಯಾಲೆಂಡರಿನಲ್ಲಿ ಇಂಗ್ಲಿಷ್ ತಾರೀಖು, ತಿಥಿ, ನಕ್ಷತ್ರ, ಹಬ್ಬಗಳು ಒಟ್ಟಿಗೆ ಸಿಗುತ್ತವೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಕೂಲಿಯವರ ಹಾಜರಿಯನ್ನು ಮನೆಯವರು ಅದೇ ಚೌಕಗಳಲ್ಲಿ ಗೀಚುತ್ತಾರೆ. ಕುಲಕರ್ಣಿಯ ದಫ್ತರವೂ ವರ್ತಕನ ವಹಿಯೂ ಬೇರೆಬೇರೆಯಾಗಿ ಮಾಡುತ್ತಿದ್ದ ಕೆಲಸವನ್ನು ಅದು ಒಂದೇ ಹಾಳೆಯ ಮೇಲೆ ಮಾಡುತ್ತದೆ. ಮಾನ್ವಿಯಲ್ಲಿ ಇಂದು ಹೊಸದಾಗಿ ಪ್ಲಾನರ್ ಕೊಳ್ಳುವ ಶಿಕ್ಷಕರಾಗಲಿ ಅಕ್ಕಿ ಗಿರಣಿಯ ಗುಮಾಸ್ತರಾಗಲಿ ಅದರ ಖಾಲಿ ಪುಟಗಳಲ್ಲಿ ಮೊದಲು ಏಕಾದಶಿ, ರಂಜಾನ್, ಕಾಲುವೆಯ ನೀರು, ಮಾರ್ಚ್ 31 ಇವನ್ನು ತಾವೇ ತುಂಬಿಕೊಳ್ಳಬೇಕಾಗುತ್ತದೆ. ಹಾಗೆ ತುಂಬಿದ ಮೇಲೆಯೇ ಅದು ಈ ಸೀಮೆಯ ಬದುಕಿಗೆ ಒದಗುವ ಪುಸ್ತಕವಾಗುತ್ತದೆ.